ಒಂದು ಕಿವಿ ಗಿರಾಕಿಯದು

“ಇದರಲ್ಲೂ ಗುಂಯ್ ಅಂತಿದೆ ಸರ್!”

“ಹೌದು, ನನಗೂ ಕೇಳಿಸ್ತು,” ಎಂದ ಅಂಗಡಿಯವರು ಅಡಾಪ್ಟರನ್ನು ಫೋನಿನಿಂದ ಕಿತ್ತು ಮೇಜಿನ ಮೂಲೆಗೆ ಎಸೆದರು. ಅಲ್ಲಿ ಆಗಲೇ ಕಪ್ಪು ಬಿಳುಪು ಬಾಲದ ಅಡಾಪ್ಟರುಗಳ ಸಣ್ಣ ಗುಡ್ಡೆಯೊಂದು ಎದ್ದಿತ್ತು.

ಅವರಿಗೆ ಕೇಳಿಸದೆ ಇನ್ನೇನು? ಇಯರ್‌ಫೋನಿನ ಒಂದು ತುದಿ ಅವರ ಕಿವಿಯಲ್ಲೇ ಇತ್ತು. ‘ಒಂದು ಕಿವಿ ಗಿರಾಕಿಯದು, ಒಂದು ಕಿವಿ ನನ್ನದು’ ಎಂಬುದು ಆ ಅಂಗಡಿಯ ಕಾನೂನು. ಸರಿಯಾಗಿರುವುದನ್ನೂ ಸದ್ದು ಬರುತ್ತದೆ ಎಂದು ವಾಪಸು ತರುವವರ ಕಾಟ ತಾಳಲಾರದೆ ಮಾಡಿಕೊಂಡ ಏರ್ಪಾಡು. ಹಾಗಾಗಿ ಮೇಜಿನ ಆಚೆಗೊಂದು ತಲೆ, ಈಚೆಗೊಂದು ತಲೆ, ನಡುವೆ ಗೇಣುದ್ದ ಜಾಗ. ದಾರಿಯಲ್ಲಿ ಹೋಗುವವರು ಇಬ್ಬರೂ ಏನೋ ಪಿತೂರಿ ನಡೆಸಿದ್ದಾರೆ ಎಂದುಕೊಳ್ಳುತ್ತಿದ್ದರು.

ಗಿರಾಕಿ ಒಬ್ಬ ತರುಣ. ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುವುದು ಅವನ ಕೆಲಸ. ಹಿಂದಿನ ದಿನ ಮಕ್ಕಳ ಜೊತೆಗೆ ಅವನ ಜೇಬಿನ ಫೋನೂ ನೀರಿಗೆ ಹಾರಿತ್ತು. ಮಕ್ಕಳು ಕಿರುಚಿಕೊಂಡು ಮೇಲೆ ಬಂದರು. ಫೋನೂ ಮೇಲೆ ಬಂತು, ಆದರೆ ಅದಕ್ಕೆ ಕಿರುಚಲು ದನಿಯೇ ಉಳಿದಿರಲಿಲ್ಲ. ಹಳೆಯ ಇಯರ್‌ಫೋನಾದರೂ ಸಿಕ್ಕಿಸೋಣವೆಂದರೆ ಈ ಹೊಸ ಕಾಲದ ಫೋನಿಗೆ ಅದರ ಗುಂಡು ತೂತೇ ಇಲ್ಲ, ನಡುವೆ ಅಡಾಪ್ಟರ್ ಬೇಕು. ಬೆಳಿಗ್ಗೆ ತನ್ನ ಹುಡುಗಿಗೆ ಬರೆದ: ‘ಸಂಜೆ ನಿಮ್ಮಪ್ಪನನ್ನು ಕೇಳಲು ಬರಲೇ? ಸ್ಪೀಕರ್ ಕೆಟ್ಟಿದೆ, ಅಡಾಪ್ಟರ್ ತರಲು ಹೊರಟಿದ್ದೇನೆ. ಬರೆದು ತಿಳಿಸು.’

ಅವಳು ಬೇಕರಿಯವಳು. ಆ ಹೊತ್ತಿನಲ್ಲಿ ಮೊಣಕೈವರೆಗೂ ಹಿಟ್ಟು. ಉತ್ತರವೇನೋ ತಕ್ಷಣ ಬಂತು, ಅದೂ ಧ್ವನಿಯಲ್ಲಿ! ಆಮೇಲೆ ಅವಳ ಫೋನ್ ಬಂದ್.

ಬರಬಹುದೋ ಬಾರದೋ, ಮದುವೆಯೋ ಮಣ್ಣೋ, ಎಲ್ಲ ಆ ಧ್ವನಿಯೊಳಗೆ ಕೂತಿತ್ತು.

“ಮೊದಲನೇದರಲ್ಲಿ ಚಿಪ್ ಇರಲಿಲ್ಲ, ಅದಕ್ಕೇ ಅದು ಮೂಕ,” ಅಂಗಡಿಯವರಿಗೆ ಹುರುಪು ಬಂದುಬಿಟ್ಟಿತ್ತು. “ಆಮೇಲಿನವುಗಳಲ್ಲಿ ಚಿಪ್ ಇದೆ, ಆದ್ರೆ ಕಳಪೆ. ಗುಂಯ್ ಅನ್ನೋದು ಅದೇ. ನೀವು ಗಾಬರಿಯಾಗ್ಬೇಡಿ ಮೇಷ್ಟ್ರೇ, ಸದ್ದಿಲ್ಲದ್ದು ಸಿಗೋವರೆಗೂ ನಾನು ಬಿಡಲ್ಲ.”

ಇನ್ನೊಂದನ್ನು ಸಿಕ್ಕಿಸಿದರು. ತಂತಿ ಅಲುಗಿದರೆ ಚರಚರ. ಹುಡುಗಿಯ ದನಿ ಡಬ್ಬದೊಳಗೆ ಸಿಕ್ಕ ಸೊಳ್ಳೆಯಂತೆ ಎಲ್ಲೋ ಆಳದಲ್ಲಿ ಗುನುಗುತ್ತಿತ್ತು.

“ಅವಳಪ್ಪ ಹೇಗೆ?” ಹೊಸ ಪೊಟ್ಟಣ ಹರಿಯುತ್ತಾ ಅಂಗಡಿಯವರು ವಿಚಾರಿಸಿದರು.

“ಅಯ್ಯೋ, ಕೇಳ್ಬೇಡಿ ಸರ್. ಮೂಗಿನ ತುದೀಲೇ ಕೋಪವಂತೆ. ಯಾವ ಹುಡುಗನ್ನ ತೋರಿಸಿದ್ರೂ ಹುಳುಕು ಹುಡುಕ್ತಾನಂತೆ. ಕೆಲಸ ಏನು ಅಂದ್ರೆ ಇವಳು ಬರೀ ನಗ್ತಾಳೆ. ಜಡ್ಜೇ ಇರ್ಬೇಕು ಅನ್ಸುತ್ತೆ.”

“ಛೆ! ಮಕ್ಕಳ ಪ್ರಾಣ ಹಿಂಡೋಕೆ ಅಂತಾನೇ ಹುಟ್ಟಿರ್ತಾರೆ ಇಂಥೋರು. ಪಾಪ, ಆ ಹೆಂಡ್ತಿ ಹೇಗೆ ಬಾಳ್ತಿದ್ದಾಳೋ!”

ಅಷ್ಟರಲ್ಲಿ ಅವರ ಫೋನೇ ಹೊಡೆದುಕೊಂಡಿತು. ಖಾಲಿ ಕಿವಿಗೆ ಒತ್ತಿಕೊಂಡರು. “ಹೂಂ ಕಣೇ, ಬೇಗ ಬರ್ತೀನಿ. ಯಾಕೆ ಅಂತ ಹೇಳಬಾರದಾ? ಸರಿ, ಹಣ್ಣೂ ತರ್ತೀನಿ. ಈಗ ಇಡು, ಇಲ್ಲಿ ಒಂದು ಜೀವನದ ಪ್ರಶ್ನೆ ನಡೀತಿದೆ.”

ಎದುರಿನ ಬಸ್ ನಿಲ್ದಾಣದಿಂದ ಹಾರ್ನ್ ಕೂಗಿತು. ಇಬ್ಬರೂ ಖಾಲಿ ಕಿವಿಗೆ ಬೆರಳು ತುರುಕಿಕೊಂಡು ಬಗ್ಗಿದರು. ಈ ಸಲ ಚರಚರದ ನಡುವೆ ತುಂಡು ತುಂಡು ಮಾತು ತೇಲಿ ಬಂತು: “...ಅಪ್ಪ... ...ಬೇಡ...”

ತರುಣ ಸ್ಟೂಲಿನ ಮೇಲೆ ದೊಪ್ಪನೆ ಕುಸಿದ. “ಮುಗೀತು. ಅಪ್ಪ ಬೇಡ ಅಂದ್ಬಿಟ್ಟಿದ್ದಾನೆ.”

“ಬೇಡ ಅನ್ನೋಕೆ ಅವನ್ಯಾರು?” ಅಂಗಡಿಯವರು ಮೇಜು ಗುದ್ದಿದ ರಭಸಕ್ಕೆ ಗುಡ್ಡೆಯೇ ಕುಸಿದು ಅಡಾಪ್ಟರುಗಳು ನೆಲದ ಮೇಲೆ ಉರುಳಿದವು. “ಇಷ್ಟು ಹೊತ್ತು ನೋಡ್ತಿದ್ದೀನಿ. ಒಂದು ಸಲವಾದ್ರೂ ನನ್ನ ಮೇಲೆ ರೇಗಿದ್ರಾ? ಇಲ್ಲ. ಸಾಕು ಕೊಡಿ, ಯಾವುದೋ ಒಂದು ಕೊಡಿ ಅಂದ್ರಾ? ಅದೂ ಇಲ್ಲ. ಇಂಥ ಹುಡುಗ ಎಲ್ಲಿ ಸಿಗ್ತಾನೆ ಆ ಮಹಾಶಯನಿಗೆ?”

“ನೀವು ಹೇಳ್ತೀರಿ. ಅವನು ಹೇಳ್ಬೇಕಲ್ಲ.”

“ಹೇಳಿಸ್ತೀನಿ! ಸಂಜೆ ನನ್ನನ್ನೂ ಕರ್ಕೊಂಡು ಹೋಗಿ. ಅವನ ಎದುರಿಗೇ ಕೂತು ಬುದ್ಧಿ ಹೇಳ್ತೀನಿ. ಒಪ್ಪಿಸದೆ ಎದ್ದು ಬಂದ್ರೆ ಈ ಅಂಗಡಿ ಬಾಗಿಲು ಹಾಕ್ತೀನಿ.”

“ನಿಜವಾಗ್ಲೂ ಬರ್ತೀರಾ ಸರ್?”

“ಆಣೆ ಮಾಡ್ಲಾ?”

ತರುಣನಿಗೆ ಕಣ್ಣು ತುಂಬಿ ಬಂತು, ಅದರ ಜೊತೆಗೇ ನಗುವೂ ಬಂತು. ಮೇಜಿನ ಮೇಲಿಂದಲೇ ಅವರನ್ನು ತಬ್ಬಿಕೊಂಡ. ಇಬ್ಬರ ಕಿವಿಗೂ ಸೇರಿದ್ದ ತಂತಿ ಕತ್ತಿಗೆ ಸುತ್ತಿಕೊಂಡಿತು. ಬಿಡಿಸಿಕೊಳ್ಳುವಷ್ಟರಲ್ಲಿ ಇಬ್ಬರಿಗೂ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಳ್ಳುವಂತಾಯಿತು.

ಅಂಗಡಿಯವರು ಕಣ್ಣೊರೆಸಿಕೊಂಡು ಮೇಲಿನ ಕಪಾಟಿಗೆ ಕೈ ಚಾಚಿದರು. ಸುಮ್ಮಸುಮ್ಮನೆ ಎಲ್ಲರಿಗೂ ತೋರಿಸದ ಅಡಾಪ್ಟರ್ ಅಲ್ಲಿತ್ತು. ಗಿಡ್ಡ, ದಪ್ಪ ತಂತಿಯದು. ಕ್ಲಿಕ್ಕೆಂದು ಕೂತಿತು. ಗುಂಯ್ ಇಲ್ಲ, ಚರಚರ ಇಲ್ಲ. ಬೇಕೆಂತಲೇ ತಂತಿಯನ್ನು ಅಲುಗಿಸಿದರು. ಆಗಲೂ ಸದ್ದಿಲ್ಲ.

“ಈಗ ಒತ್ತಿ ಮೇಷ್ಟ್ರೇ,” ಎಂದರು ಅವರು, ಮುಖ ಇಷ್ಟಗಲ ಮಾಡಿಕೊಂಡು. “ಒಂದಕ್ಷರ ತಪ್ಪದ ಹಾಗೆ ಕೇಳಿಸದಿದ್ರೆ ನನ್ನನ್ನ ಕೇಳಿ.”

ಒಂದಕ್ಷರವೂ ತಪ್ಪಲಿಲ್ಲ: “ಸಂಜೆ ಬಾ. ಅಮ್ಮನಿಗೆ ಎಲ್ಲ ಹೇಳಿದ್ದೀನಿ, ಅಪ್ಪನಿಗೆ ಇನ್ನೂ ಇಲ್ಲ. ಅಡಾಪ್ಟರ್ ಎಲ್ಲಿ ಬೇಕಾದ್ರೂ ತಗೋ, ಬಸ್ ನಿಲ್ದಾಣದ ಎದುರಿನ ಅಂಗಡಿಗೆ ಮಾತ್ರ ಹೋಗಬೇಡ. ಅಲ್ಲಿ ನಮ್ಮಪ್ಪ ಇನ್ನೊಂದು ಕಿವಿ ಇಟ್ಟು ಎಲ್ಲಾನೂ ಕೇಳಿಸ್ಕೋತಾರೆ!”