ಹರಿಹರದ ಲೈನು

ಇಂಥದ್ದನ್ನು ಹೇಳುವಷ್ಟು ತಿಳಿವಳಿಕೆ ಬರೆಯುತ್ತಿರುವವರಿಗೆ ಇದೆಯೋ ಇಲ್ಲವೋ. ಹೆಚ್ಚು ಕಡಿಮೆಯಾದರೆ ಓದುಗರು ಹೊಟ್ಟೆಗೆ ಹಾಕಿಕೊಳ್ಳಬೇಕು.

ಕಂಪ್ಯೂಟರಿನ ಪರದೆಯ ಮೇಲೆ ಬಂದ ಸಾಲನ್ನು ಶಾಂತಲಾ ಮತ್ತೆ ಓದಿದಳು. ಕುರ್ಚಿಯನ್ನು ಹತ್ತಿರ ಎಳೆದುಕೊಂಡು ಇನ್ನೊಮ್ಮೆ ಓದಿದಳು.

‘ಮೇಡಂ, ತಪ್ಪು ತಿಳಕೋಬ್ಯಾಡ್ರಿ. ಎಲ್ಲಾರೂ ಮಾತಾಡಿಕೊಂಡೀವಿ. ಇನ್ಮ್ಯಾಲೆ ಕಲಿಸಬ್ಯಾಡ್ರಿ. ನಾವೇ ಮಾಡ್ಕೊಂತೀವಿ. ಇಂತಿ ಬೊಮ್ಮಣ್ಣ.’

ಅವಳು ಹೆದರುತ್ತಿದ್ದದ್ದು ಇದಕ್ಕೇ.

ಆಗ ೧೯೯೮. ದಾವಣಗೆರೆಯ ಮಂಡಿಪೇಟೆಯಲ್ಲಿ, ಒಣಮೆಣಸಿನಕಾಯಿ ಅಂಗಡಿಯ ಮಹಡಿಯ ಮೇಲೆ ಮುರುಗೇಶಪ್ಪನ ಕಂಪ್ಯೂಟರ್ ಸೆಂಟರ್. ಮೇಲೆ ಪಾಠ, ಕೆಳಗೆ ಘಾಟು. ಸೀನದೆ ಪಾಠ ಮುಗಿದ ದಿನವಿಲ್ಲ. ಹರಿಹರದಲ್ಲಿ ಅವನದೇ ಇನ್ನೊಂದು ಕೋಣೆ. ಎರಡರ ನಡುವೆ ಒಂದು ಫೋನ್ ಲೈನು. ಇಲ್ಲಿ ಶಾಂತಲಾ ಕೀಲಿಮಣೆ ಒತ್ತಿದರೆ ಅಲ್ಲಿ ಅಕ್ಷರ ಮೂಡುತ್ತಿತ್ತು. ಅಲ್ಲಿ ಕೂತಿದ್ದವರು ಹೊರಗಿನಿಂದ ಹತ್ತನೇ ತರಗತಿ ಪರೀಕ್ಷೆಗೆ ಕಟ್ಟಿದ್ದ ದೊಡ್ಡವರು. ಗಿರಣಿ ನಿಂತು ಕೆಲಸ ಕಳೆದುಕೊಂಡಿದ್ದ ಬೊಮ್ಮಣ್ಣ, ಖಾನಾವಳಿಯ ಕಸ್ತೂರಮ್ಮ, ಬಟ್ಟೆ ಹೊಲಿಯುವ ಹಜೀರಾಬೀ. ಯಾರ ಮುಖವನ್ನೂ ಶಾಂತಲಾ ನೋಡಿರಲಿಲ್ಲ.

“ಬಸ್ಸಿಗೆ ಹೋಗಿ ಕಲಿಸೋದನ್ನ ಯಾರು ಬೇಕಾದ್ರೂ ಮಾಡ್ತಾರೆ,” ಎನ್ನುತ್ತಿದ್ದ ಮುರುಗೇಶಪ್ಪ. “ನಮ್ಮದು ತಂತಿ ಪಾಠ. ಆದರ ನೆನಪಿಟ್ಕೊಳಮ್ಮಾ, ಅವರು ಬೇಕು ಅಂದ್ರ ಲೈನು ಇರ್ತೈತೆ. ಲೈನು ಇದ್ರ ನೀನು ಇರ್ತಿ.”

ಆ ಯಂತ್ರದಲ್ಲಿ ಕನ್ನಡ ಅಕ್ಷರ ಇರಲಿಲ್ಲ. ಕನ್ನಡ ಮಾತನ್ನೇ ಇಂಗ್ಲಿಷ್ ಅಕ್ಷರದಲ್ಲಿ ಒತ್ತಬೇಕು. ಓದುವವರು ಅಂದಾಜಿನ ಮೇಲೆ ಓದಿಕೊಳ್ಳಬೇಕು. ಎಲ್ಲರಿಗೂ ರೂಢಿಯಾಗಿತ್ತು.

ಸಂಜೆ ಕಾಲೇಜಿನಲ್ಲಿ ಓದಿ ಮೇಲೆ ಬಂದವಳು ಶಾಂತಲಾ. ತರಗತಿಯಲ್ಲಿ ಉತ್ತರ ಗೊತ್ತಿಲ್ಲದೆ ನಿಲ್ಲುವ ಸಂಕಟ ಅವಳಿಗೆ ಗೊತ್ತಿತ್ತು. ತನ್ನ ತಂದೆಯ ವಯಸ್ಸಿನವರನ್ನು ಹಾಗೆ ನಿಲ್ಲಿಸುವುದು ಹೇಗೆ? ಅದಕ್ಕೇ ಪ್ರತಿ ಲೆಕ್ಕದ ಬೆನ್ನಿಗೇ ಅದರ ಉತ್ತರವನ್ನೂ ಬಿಡಿಸಿ ಇಡುತ್ತಿದ್ದಳು. ‘ತಿಳಿಯಿತೇ?’ ಎಂದರೆ ‘ತಿಳೀತ್ರಿ’ ಎಂದು ಬರುತ್ತಿತ್ತು. ಅದರಾಚೆಗೆ ಏನೂ ಬರುತ್ತಿರಲಿಲ್ಲ. ಆ ಸಂಜೆಯೂ ಹಾಗೆಯೇ ಬೀಜಗಣಿತದ ಲೆಕ್ಕಗಳು ಹೋದವು, ಹಿಂದೆಯೇ ಉತ್ತರಗಳು ಹೋದವು. ಬೊಮ್ಮಣ್ಣನ ಸಾಲು ಬಂದದ್ದು ಆಮೇಲೆ.

‘ನನ್ನಿಂದ ಏನಾದರೂ ತಪ್ಪಾಯಿತೇ?’ ಎಂದು ಕೇಳಿದಳು.

‘ತಪ್ಪೇನಿಲ್ರಿ. ನೀವು ಒಳ್ಳೇರು. ಆದ್ರ ಹಿಂಗಾ ನಡದ್ರ ನಮಗೆ ಜನ್ಮದಾಗ ಲೆಕ್ಕ ಬರಂಗಿಲ್ಲ.’

‘ಆಯಿತು. ಇನ್ನು ಮೇಲೆ ಕಲಿಸುವುದಿಲ್ಲ’ ಎಂದು ಒತ್ತಿದಳು.

ಉತ್ತರ ತಕ್ಷಣ ಬಂತು. ‘ಭಾಳ ಉಪಕಾರ ಆತ್ರಿ. ಹಜೀರಾಬೀ ಚಪ್ಪಾಳೆ ಹೊಡೀತಾಳ.’

ಮರುದಿನ ಮುರುಗೇಶಪ್ಪನಿಗೆ ಅವಳೇ ಹೇಳಿದಳು. ಬೇರೆಯವರ ಬಾಯಿಂದ ಅವನು ಕೇಳುವುದು ಸರಿಯಲ್ಲ ಅನ್ನಿಸಿತ್ತು.

“ಚಪ್ಪಾಳೆ ಹೊಡದ್ರಾ?”

“ಹೊಡೆದ್ರಂತೆ ಸರ್.”

“ಮುಖ ಕಾಣಂಗಿಲ್ಲ ನೋಡು, ಅದಕ್ಕಾ ಧೈರ್ಯ.” ಅವನು ಒಮ್ಮೆ ಸೀನಿದ. “ಇರ್ಲಿ ಬಿಡು. ಸೋಮವಾರ ಲೈನು ತೆಗಿಸ್ತೀನಿ. ನಿನಗೂ ಬ್ಯಾರೆ ಕಡೆ ಸಿಗತೈತೆ.”

ಬೇರೆ ಕಡೆ ಸಿಗುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಭಾನುವಾರ ಅವಳು ಹರಿಹರದ ಬಸ್ಸು ಹತ್ತಿದಳು. ಮುಖ ನೋಡದೆ ಕಲಿಸಿದ್ದಾಯಿತು, ಮುಖ ನೋಡದೆ ಬಿಟ್ಟುಹೋಗುವುದು ಮರ್ಯಾದೆಯಲ್ಲ. ಕೋಣೆಯ ಬಾಗಿಲಿಗೆ ಬರುವಾಗಲೇ ಒಳಗಿನ ಜಗಳ ಕೇಳಿಸಿತು.

“ಎಕ್ಸು ಆ ಕಡೆ ದಾಟಿದ್ರ ಕಳೀಬೇಕು ಕಸ್ತೂರಕ್ಕ, ಕೂಡಬಾರ್ದು!”

“ದಾಟಿದ್ದಕ್ಕ ಯಾಕ ಕಳೀಬೇಕ? ನಾನು ಹೊಳಿ ದಾಟಿದ್ರ ನನ್ನ ಕಳೀತೀಯೇನಾ?”

“ನಿನ್ನ ಕಳದ್ರ ಖಾನಾವಳಿ ಉಳಿಯಂಗಿಲ್ಲ ಬಿಡು.”

ನಗು ಎದ್ದಿತು. ಶಾಂತಲಾ ಹೊಸ್ತಿಲಲ್ಲೇ ನಿಂತಳು. ತಾನು ಕಲಿಸಿದಷ್ಟು ದಿನ ‘ತಿಳೀತ್ರಿ’ ಬಿಟ್ಟು ಇನ್ನೊಂದು ಮಾತು ಬಂದಿರಲಿಲ್ಲ. ತಾನು ಬಿಟ್ಟ ಮೇಲೆ ಹೀಗೆ. ಅವರು ಹೇಳಿದ್ದೇ ಸರಿ.

“ಯಾರು ಬೇಕಾಗಿತ್ರಿ?” ಎಂದ ಸೀಮೆಸುಣ್ಣ ಹಿಡಿದಿದ್ದ ಎತ್ತರದ ಆಸಾಮಿ.

“ನಾನು ಶಾಂತಲಾ. ದಾವಣಗೆರೆಯಿಂದ.”

“ಅಯ್ಯ, ಮೇಡಮ್ಮಾರು! ಇಷ್ಟು ಸಣ್ಣೋರಾ ನೀವು? ನಾನೇ ಬೊಮ್ಮಣ್ಣ. ಕೂಡ್ರಿ, ಕೂಡ್ರಿ. ಹಜೀರಾ, ಕುರ್ಚಿ ಒರಸವ್ವಾ.”

“ಕೂರಲ್ಲ ಬೊಮ್ಮಣ್ಣಾರೆ. ಹೇಳಿ ಹೋಗೋಣ ಅಂತ ಬಂದೆ. ನಾಳೆ ಲೈನು ತೆಗೀತಾರೆ.”

“ಯಾಕ್ರೀ? ನಮ್ಮ ಪರೀಕ್ಷೆ ಗತಿ?”

“ನೀವೇ ಬೇಡ ಅಂದ್ರಲ್ಲ.”

“ಏನು ಬ್ಯಾಡ ಅಂದ್ವಿ?”

“ಕಲಿಸೋದು. ‘ಇನ್ಮ್ಯಾಲೆ ಕಲಿಸಬ್ಯಾಡ್ರಿ’ ಅಂತ ನೀವೇ ಬರೆದಿದ್ರಿ.”

ಬೊಮ್ಮಣ್ಣ ಗೋಡೆಯ ಹಲಗೆ ನೋಡಿದ, ಅವಳ ಮುಖ ನೋಡಿದ, ತುಟಿ ಅಲುಗಿಸುತ್ತ ತಾನು ಒತ್ತಿದ್ದ ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಹೇಳಿಕೊಂಡ. ಎಲ್ ಅಕ್ಷರಕ್ಕೆ ಬಂದಾಗ ಹಣೆ ಚಚ್ಚಿಕೊಂಡ.

“ಲ ಅಲ್ರೀ ಮೇಡಂ, ಳ! ಕಳಿಸಬ್ಯಾಡ್ರಿ! ಲೆಕ್ಕದ ಜೊತಿಗೆ ಉತ್ತರ ಕಳಿಸಬ್ಯಾಡ್ರಿ ಅಂದೆ!”

ಲೈನು ತೆಗೆಸಬೇಡಿ ಎಂದು ಹೇಳಲು, ಖಾನಾವಳಿಗೆ ಬೀಗ ಹಾಕಿದ ಕಸ್ತೂರಮ್ಮನೂ ಸೇರಿದಂತೆ ಎಲ್ಲರೂ ಅವಳ ಜೊತೆ ದಾವಣಗೆರೆ ಬಸ್ಸು ಹತ್ತಿದರು ಎಂಬಷ್ಟು ಗೊತ್ತು. ಮುರುಗೇಶಪ್ಪ ಏನೆಂದ ಎಂಬುದು ಗೊತ್ತಿಲ್ಲ.