ಔಷಧ ಹೊಡೆದ ದಿನದ ಫೋಟೋ

"ಈ ಫೋಟೋದಾಗ ಇರೋದು ನಿಮ್ಮ ಯಜಮಾನ್ರೇನಮ್ಮ? ನೋಡಿ ಹೇಳ್ರಿ, ಅವಸರ ಇಲ್ಲ."

ಅವಸರವಿಲ್ಲ ಎಂದ ಹುಲಿಗೇಶ ಆಗಲೇ ಪೆನ್ನಿನ ಕ್ಯಾಪು ತೆಗೆದಿದ್ದ. ಮೆಣಸಿನಕಾಯಿಯನ್ನು ಹೊರದೇಶಕ್ಕೆ ಕಳಿಸುವ ಕಂಪನಿಯ ತಪಾಸಣೆಯವನು. ಬೆಳಿಗ್ಗೆ ಬಳ್ಳಾರಿ ಬಿಟ್ಟು, ಕುರುಗೋಡು ದಾಟಿ ಈ ಊರಿಗೆ ಬಂದದ್ದೇ ಈ ಒಂದು ಪ್ರಶ್ನೆ ಕೇಳಲಿಕ್ಕೆ.

ಉಚ್ಚೆಂಗೆಮ್ಮ ಅವನ ಮೊಬೈಲನ್ನು ಹತ್ತಿರ ತಂದುಕೊಂಡಳು. ಸೊಂಟದ ಮಟ್ಟದ ಗಿಡಗಳ ನಡುವೆ, ಔಷಧ ಹೊಡೆಯುವ ಪೈಪಿನ ಗನ್ನು ಹಿಡಿದು ನಿಂತ ಒಂದು ಆಕಾರ. ತಲೆಯಿಂದ ಕೆಳಗೆ ಹಳದಿ ನಿಲುವಂಗಿ, ಕನ್ನಡಕ, ಮಾಸ್ಕು, ಗ್ಲೌಸು. ಮುಖದ ಒಂದು ಚೂರೂ ಕಾಣುತ್ತಿರಲಿಲ್ಲ. ಆದರೂ ನೋಡಿದ ಕೂಡಲೇ ಅವಳಿಗೆ ಗುರುತು ಹತ್ತಿತು.

ಕಂಪನಿ ಪೇಟೆಗಿಂತ ಒಳ್ಳೆಯ ಧಾರಣೆ ಕೊಡುತ್ತಿತ್ತು. ಕರಾರು ಒಂದೇ: ಔಷಧ ಹೊಡೆಯುವವರು ಮೈಯೆಲ್ಲ ಮುಚ್ಚುವ ಈ ಕಿಟ್ ಹಾಕಲೇಬೇಕು. ಮನೆಗೊಂದು ಕಿಟ್ ಹಂಚಿ ಅದು ಕೈ ತೊಳೆದುಕೊಂಡಿತ್ತು. ಒಬ್ಬರು ತಪ್ಪಿದರೂ ಊರಿನ ಮಾಲೆಲ್ಲ ವಾಪಸು.

ಆ ವಾರ ನುಸಿ ಊರಿನ ಹೊಲಗಳನ್ನೆಲ್ಲ ಮುತ್ತಿತ್ತು. ಕೂಲಿಗೆ ಕರೆದರೆ ಆಳು ಸಿಗುತ್ತಿರಲಿಲ್ಲ. ಫೋಟೋ ತೆಗೆದ ದಿನವೇ ಸಂಜೆ ಅವಳ ಗಂಡ ಮರಿಬಸಪ್ಪ ಬಾಯಲ್ಲಿ ನೊರೆ ಬಂದು ಬಿದ್ದ. ಬಳ್ಳಾರಿಯ ಆಸ್ಪತ್ರೆಯಲ್ಲಿ ಮೂರು ದಿನ ಒದ್ದಾಡಿ ಜೀವ ಬಿಟ್ಟ. ಅದಾಗಿ ನಾಲ್ಕು ತಿಂಗಳು. ಅವಳಿಗೀಗ ಆರು ತಿಂಗಳು. ಮದುವೆಯಾದ ಒಂಬತ್ತನೆಯ ವರ್ಷಕ್ಕೆ ನಿಂತ ಬಸಿರು.

"ಕಿಟ್ ಹಾಕಿದ್ರು ಅಂದ್ರ ಸಾವಿಗೆ ಔಷಧ ಕಾರಣ ಅಲ್ಲ. ನಿಮಗ ಸರ್ಕಾರದ ಪರಿಹಾರ ಬರಂಗಿಲ್ಲ," ಎಂದ ಹುಲಿಗೇಶ. "ಹಾಕಿರ್ಲಿಲ್ಲ ಅಂದ್ರ ಪರಿಹಾರ ಐತಿ. ಆದ್ರ ಊರಿನ ಮಾಲು ನಾವು ಮುಟ್ಟಂಗಿಲ್ಲ."

ಮೂವತ್ತೆಂಟು ಮನೆಗಳ ಮೆಣಸಿನಕಾಯಿ ಬಳ್ಳಾರಿಯ ಕೋಲ್ಡ್ ಸ್ಟೋರೇಜಿನಲ್ಲಿ ಕೂತಿತ್ತು. ಆ ಮನೆಗಳವರೆಲ್ಲ ಅವಳ ಬಾಗಿಲಲ್ಲಿ ನಿಂತಿದ್ದರು.

ರೈತರ ಸಂಘದ ದುರ್ಗಾದೇವಿ ಮುಂದೆ ಬಂದಳು. "ಕಂಪನಿಗೆ ಕಳಿಸಾಕ ಈ ಫೋಟೋ ತಗದಾಕಿನ ನಾನು ಸಾರ್. ಬದುವಿನ ಮ್ಯಾಲೆ ನಿಂತು ಮರಿಬಸಣ್ಣಾ ಅಂತ ಕೂಗಿದ್ನಿ. ಮಾತಾಡ್ಲಿಲ್ಲ, ಕೈ ಎತ್ತಿದ. ಈಕಿ ಆ ಕಡಿ ಕಾಲುವಿ ಹತ್ರ ಡ್ರಮ್ಮಿನಾಗ ಔಷಧ ಕಲಸಾಕ ಹತ್ತಿದ್ಲು. ಗಂಡನ ಅಂಗಿ ತೊಟ್ಟು, ತಲಿಗೆ ಟವೆಲ್ ಸುತ್ಕೊಂಡು, ಬಗ್ಗಿ ನಿಂತಿದ್ಲು. ಹೌದಲ್ಲೇನ ಉಚ್ಚೆಂಗಿ?"

ಉಚ್ಚೆಂಗೆಮ್ಮ ಫೋಟೋವನ್ನು ಮತ್ತೊಮ್ಮೆ ನೋಡಿದಳು.

ಮೂಲೆಯಲ್ಲಿ ಕೂತಿದ್ದ ಅತ್ತೆ ಜಡೆಮ್ಮ ಇದ್ದಕ್ಕಿದ್ದಂತೆ ಬಾಯಿ ತೆರೆದಳು. ಮಗ ಸತ್ತ ಮೇಲೆ ಮಾತನ್ನೇ ಮರೆತಂತಿದ್ದ ಮುದುಕಿ. "ಎಲ್ಲಾ ಹಾಕ್ಕೊಂಡಿದ್ನೇನವ್ವಾ ನನ್ನ ಮಗ? ಜೋಪಾನಾಗಿದ್ನಾ?"

ಪರಿಹಾರ ಬಂದರೆ ಹುಟ್ಟುವ ಕೂಸಿಗೊಂದು ಆಸರೆ. ಅದು ಉಚ್ಚೆಂಗೆಮ್ಮನಿಗೆ ಗೊತ್ತಿತ್ತು. ಆದರೆ ಅತ್ತೆ ಅವಳ ಬಾಯನ್ನೇ ನೋಡುತ್ತಿದ್ದಳು.

"ಹೌದತ್ತಿ, ಎಲ್ಲಾ ಹಾಕ್ಕೊಂಡಿದ್ರು," ಎಂದಳು. ಆಮೇಲೆ ಹುಲಿಗೇಶನ ಕಡೆ ತಿರುಗಿದಳು. "ನಮ್ಮ ಯಜಮಾನ್ರ ರೀ ಇವ್ರು."

ಹುಲಿಗೇಶ ಬರೆದುಕೊಂಡ, ಸಹಿ ಹಾಕಿಸಿಕೊಂಡ, ಜೀಪು ಹತ್ತಿದ. ಬಾಗಿಲಲ್ಲಿದ್ದವರ ಉಸಿರು ಒಮ್ಮೆಲೇ ಸಡಿಲವಾಯಿತು. "ಊರು ಉಳಿಸಿದಿ ತಾಯಿ," ಎಂದು ಯಾರೋ ಕೈ ಮುಗಿದರು. ಆ ಕೈಗಳನ್ನು ಕಂಡು ಅವಳಿಗೆ ಹೇಸಿಗೆಯೂ ಆಯಿತು, ಅಳುವೂ ಬಂತು. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಆ ಬೆಳಿಗ್ಗೆ ಎರಡು ತಿಂಗಳ ಬಸುರಿ ಹೆಂಡತಿಗೆ ಮನೆಯ ಆ ಒಂದೇ ಕಿಟ್ಟನ್ನು ಕೈಯಾರೆ ತೊಡಿಸಿ, ಪೈಪಿನ ಗನ್ನು ಅವಳ ಕೈಗಿತ್ತು, ಮರಿಬಸಪ್ಪ ತಲೆಗೊಂದು ಟವೆಲ್ ಸುತ್ತಿಕೊಂಡು ಬರಿಗೈಯಲ್ಲಿ ಡ್ರಮ್ಮಿನ ಕಡೆ ನಡೆದಿದ್ದ.