ಲಗ್ನಪತ್ರಿಕೆಯಲ್ಲಿ ತಾತನ ಹೆಸರು

ಕಡಲೆಕಾಯಿ ಬೇಯುವ ವಾಸನೆ ಬಂದರೆ ಈಗಲೂ ಕುಣಿಗಲ್ಲಿನ ತಾತನ ಮನೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ಟಿ.ವಿ.ಯಲ್ಲಿ ಕೊರಿಯಾದ ರಾಜರ ಸೀರಿಯಲ್ ಬರುತ್ತಿತ್ತು. ದಾಸಿಗೆ ಹುಟ್ಟಿದ ರಾಜಕುಮಾರನೊಬ್ಬನ ರೇಷ್ಮೆ ನಿಲುವಂಗಿ ಬಿಚ್ಚಿಸಿ, ಆಸ್ಥಾನದವರೆಲ್ಲ ನಗುತ್ತಿರುವಾಗಲೇ ಅವನನ್ನು ದ್ವೀಪವೊಂದಕ್ಕೆ ಗಡೀಪಾರು ಮಾಡುತ್ತಿದ್ದರು. ಅಕ್ಕ ಪರದೆಯ ಕೆಳಗೆ ಬರುತ್ತಿದ್ದ ಇಂಗ್ಲಿಷ್ ಸಾಲುಗಳನ್ನು ಓದಿ ನಮಗೆ ಕಥೆ ಹೇಳುತ್ತಿದ್ದಳು.

"ಇಟ್ಕೊಂಡೋಳ ಮಗನ್ಗೆ ಸಿಂಹಾಸನ ಬೇರೆ ಕೇಡು! ಹಂಗೇ ಆಗ್ಬೇಕು ಬುಡು ಅವ್ನಿಗೆ," ಎಂದಳು ಅಜ್ಜಿ, ಬಾಗಿಲ ಕಡೆ ನೋಡುತ್ತಾ.

ಬಾಗಿಲಲ್ಲಿ ಕಡಬದ ಲೋಕೇಶ ನಿಂತಿದ್ದ. ತಾತನಿಗೆ ಇನ್ನೊಬ್ಬಳಲ್ಲಿ ಹುಟ್ಟಿದವನು. ಮೂಗು, ನಡಿಗೆ ಎಲ್ಲ ತಾತನದೇ. ಒಳಗೆ ಬಾ ಎಂದು ಯಾರೂ ಕರೆಯಲಿಲ್ಲ. ಅವನೇ ಬಂದು, ಅರಿಶಿನ ಹಚ್ಚಿದ ತನ್ನ ಮದುವೆಯ ಪತ್ರಿಕೆಯನ್ನು ತಾತನ ಕೈಗೆ ಕೊಟ್ಟ. ಅದರಲ್ಲಿ ವರನ ತಂದೆಯ ಜಾಗದಲ್ಲಿ ತಾತನ ಹೆಸರು ಅಚ್ಚಾಗಿತ್ತು.

ತಾತ ಜೇಬಿನಿಂದ ಇಂಕ್ ಪೆನ್ನು ತೆಗೆದು ಹೆಸರಿನ ಮೇಲೆ ಗೀಟು ಎಳೆದರು. "ಯಾರ್ನ ಕೇಳಿ ಹಾಕ್ಸಿದ್ಯೋ? ಬೇರೆ ಪ್ರಿಂಟ್ ಹಾಕ್ಸು, ಹೋಗು."

"ಆಗ್ಲೇ ಎಲ್ಲಾರ್ಗೂ ಹಂಚ್ಬುಟ್ಟೆ, ಅಪ್ಪಾ. ನಿಮ್ದೇ ಕೊನೇದು," ಎಂದು ಲೋಕೇಶ ಚಪ್ಪಲಿ ಮೆಟ್ಟಿ ಹೊರಟುಹೋದ.

ತಾತ ಪೆನ್ನಿಗೆ ಮುಚ್ಚಳ ಹಾಕದೆ ಹಾಗೇ ಕೂತಿದ್ದರು. ಬಿಳಿ ಪಂಚೆಯ ಮೇಲೆ ಮಸಿ ಹರಡುತ್ತಿತ್ತು. ಅಕ್ಕ ನೋಡಿದಳು, ನಾನೂ ನೋಡಿದೆ. ಇಬ್ಬರೂ ಹೇಳಲಿಲ್ಲ.